ತೊಟ್ಟಿಲ ಕಾಲಾಗಿನ ಕರಿ ಮಣ್ಣು

ನಮ್ಮತ್ತಿ ಸತ್ತು ಭಾಳ ವರ್ಷ ಆದ್ವು. ಸತ್ತವರ ಮ್ಯಾಲ ಸಿಟ್ಟು ಇಟಗೋಬಾರ್ದು ಅಂತಾರ. ಅನ್ಲಿ. ನಾ ಇಟಗೊಂಡೇನಿ.

ಗೆದ್ದಲ ಅಂದ್ರ ಎಲ್ಲಾ ಕಡೆ ಒಂದ ಅಂತ ಅನ್ನೋರು ಹುಟ್ಟಿದ ಊರು ಬಿಟ್ಟು ಹೊರಗ ಕಾಲಿಟ್ಟಿರೂದಿಲ್ಲ. ನನ್ನ ತವರು ಹಾನಗಲ್ಲ. ಅಲ್ಲಿ ಮಳಿ ಹೆಚ್ಚು, ಗೆದ್ದಲ ಗಿಡಾನೂ ಏರತಿದ್ವು, ಗ್ವಾಡೀನೂ ಏರತಿದ್ವು. ಆದ್ರ ಕೆಂಪು ಮಣ್ಣಿನ ಗೆರಿ ಕಟಗೋತ, ನಾಕು ಮಂದಿಗೆ ಕಾಣೂಹಂಗ ಬರ್ತಿದ್ವು. ಅವ್ವ ಕಸಾ ಹೊಡಿಯೂ ಮುಂದ ಅದ ಕಸಬರಗಿಯಿಂದ ಗೆರಿ ಕೆಡವಿಬಿಡ್ತಿದ್ಲು. ಅಜ್ಜಿ ಊರು ತಡಸದಾಗ ಹುತ್ತ ಮೊಣಕಾಲಮಟ, ಒಳಗಿನ ಹುಳಾ ಮಾತ್ರ ದಪ್ಪ ತಲೀವು, ಕಚ್ಚಿದ್ರ ರಕ್ತ ಬರ್ತಿತ್ತು. ಅಕ್ಕನ್ನ ಕೊಟ್ಟ ಚಿಕ್ಕೇರೂರಾಗ ಬದುವಿನ ಮ್ಯಾಲ ಆಳೆತ್ತರದ ಹುತ್ತ. ಆ ಗೆದ್ದಲ ಹೊಲದಾಗಿನ ಕಸಾಕಡ್ಡಿ ತಿಂದು ಹುತ್ತ ಬೆಳಸತಿದ್ವು, ಮನಿ ಕಡೆ ಹೊಳ್ಳಿ ನೋಡ್ತಿದ್ದಿಲ್ಲ.

ನನ್ನ ಕೊಟ್ಟಿದ್ದು ಸವಣೂರಿಗೆ. ನಮ್ಮ ಓಣ್ಯಾಗ ನೆಲಾ ಎಲ್ಲಾ ಎರಿ, ಕರ್ರಗ. ಹುಡುಕಿದ್ರೂ ಒಂದು ಹುತ್ತ ಇಲ್ಲ, ಗ್ವಾಡಿಗೆ ಒಂದು ಗೆರಿ ಇಲ್ಲ. ಈ ಊರಾಗ ಗೆದ್ದಲನ ಇಲ್ಲಂತ ತಿಳಕೊಂಡೆ. ಇದ್ವು. ಇಲ್ಲಿನ ಗೆದ್ದಲೂ ನಮ್ಮತ್ತೀನೂ ಒಂದ ಜಾತಿ, ಕಣ್ಣಿಗೆ ಬೀಳದಂಗ ನೆಲದ ಬುಡಕ ನಡಿಯೂವು.

ಚೊಚ್ಚಲ ಬಾಣಂತನಾ ತವರಾಗ ಆತು. ಆವಾಗ ನಾ ಉಳದದ್ದ ಹೆಚ್ಚು, ಅವ್ವನ ಕೈಗುಣದಿಂದ ಎದ್ದು ಕುಂತಾಕಿ. ತಿರುಗಿ ಬರೂ ಮುಂದ ಅವ್ವ ಬಂಡಿ ಮ್ಯಾಲ ತೊಟ್ಟಿಲಾ ಹೇರಿ ಕಳಿಸಿದ್ಲು. ಅಪ್ಪ ನನ್ನ ಸಲುವಾಗಿ ಮಾಡಿಸಿದ ಸಾಗವಾನಿ ತೊಟ್ಟಿಲಾ, ನಾಕು ಕಾಲಿಂದು. ಸತ್ತ ಅಪ್ಪನ ಗುರ್ತಂತ ಉಳದದ್ದು ಅದೊಂದ. ಮಗಾ ನಡಿಯಾಕ ಕಲತ ಮ್ಯಾಲ ಅದನ್ನ ಒಳಗಿನ ಮೂಲ್ಯಾಗ ನೆಲದ ಮ್ಯಾಲ ಇಟ್ಟೆ. ಹಾನಗಲ್ಲ ರೂಢಿಯಂಗ ದಿನಾ ಅದರ ಕಾಲಿಗೆ ಗೆರಿ ಎದ್ದಾವೇನಂತ ನೋಡ್ತಿದ್ದೆ. ಗೆರಿ ಇಲ್ಲ. ನಿಶ್ಚಿಂತಿಲೆ ಇದ್ದೆ.

ದೊಡ್ಡ ಲಡಾಯಿ ನಡದಿತ್ತು, ಚಿಮಣಿ ಎಣ್ಣಿಗೂ ಪರದಾಟ. ನಾ ಎರಡನೇದಕ್ಕ ತುಂಬಿದ ಬಸರಿ. ಈ ಸಲ ಬಾಣಂತನಾ ಸವಣೂರಾಗ, ಅವ್ವ ಬಂದು ಮಾಡೂದಂತ ಆಗಿತ್ತು. ಆಷಾಢದಾಗ ಒಂದು ದಿನ ತೊಳಿಯೂಣಂತ ತೊಟ್ಟಿಲಾ ಎತ್ತೇನಿ, ಕಾಲು ಮುರದು ಕೈಯಾಗ ಬಂತು. ಮ್ಯಾಲಿನ ಬಣ್ಣ ಹಂಗ ಐತಿ, ಒಳಗ ಕಟಗೀನ ಇಲ್ಲ, ಬರೇ ಮಣ್ಣು. ಅಪ್ಪನ್ನ ಎರಡನೇ ಸಲ ಹೊರಗ ಒಯ್ದಂಗಾತು. ಅಲ್ಲೇ ಕುಂತು ಅತ್ತೆ.

ಅತ್ತಿ ಓಣಿ ಹೆಂಗಸರನ್ನೆಲ್ಲಾ ಕರದು ತೋರಿಸಿದ್ಲು. ಹಾನಗಲ್ಲಿಂದ ಇಂಗ್ರೇಜರ ಸೀಮಿ ಹುಳಾ ನಮ್ಮ ನವಾಬರ ಸೀಮಿಗೆ ಹೊತಗೊಂಡು ಬಂದಾಳ, ಇನ್ನ ನಮ್ಮ ತೊಲಿ ಜಂತಿ ಉಳಿಯೂದಿಲ್ಲ ಅಂದ್ಲು. ಆಮ್ಯಾಲ ನನ್ನ ಕಡೆ ಹೊಳ್ಳಿದ್ಲು.

"ಹುಳಾ ಕಳಿಸಿದ ನಿಮ್ಮವ್ವ ಬಾಣಂತನಕ್ಕ ನನ್ನ ಹೊಸ್ತಿಲಾ ತುಳಿಯೂದು ಬ್ಯಾಡ."

ಅವ್ವ ಇಲ್ಲಂದ್ರ ಈ ಸಲ ನಾ ಉಳಿಯೂದಿಲ್ಲ ಅಂತ ಹೆದರಿಕಿ. ಗಂಡನ್ನ ಕೇಳಿದ್ರ, ಎಲಿ ಮೆಲಕೋತ ಹೊರಗ ಹ್ವಾದ್ರು. ಕಸಾ ಬಳಿಯಾಕ ಕುಂತೆ. ಆವಾಗ ಕಂಡಿತು, ಕಾಲಾಗಿಂದ ಉದರಿದ ಮಣ್ಣು ಕರ್ರಗ ಐತಿ. ಹಾನಗಲ್ಲ ಹುಳಾ ಆಗಿದ್ರ ಕೆಂಪು ಮಣ್ಣು ತುಂಬತಿದ್ವು. ಇದು ಈ ಮನಿ ಬುಡದ ಮಣ್ಣು. ಆಗಿಂದಾಗ ಅಂದಿದ್ರ ಎದುರುತ್ತರ ಆಗ್ತಿತ್ತು. ಅರಿವಿ ಚೂರಿನಾಗ ಕಟ್ಟಿ ಇಟಗೊಂಡೆ. ಇರ್ಲಿ ತಡಿ, ನಿನಗ ಮಾಡ್ತೇನಿ ಅಂದೆ.

ಪಂಚಮಿ ಬಂತು. ನಾಗಪ್ಪನ್ನ ಮಾಡಾಕ ಹುತ್ತದ ಮಣ್ಣ ಬೇಕು. ನಮ್ಮ ಮನಿಗೆ ಅದು ವರ್ಷಾ ಅಕ್ಕನ ಊರಿಂದ ಬರ್ತಿತ್ತು. ಈ ಸಲ ಅತ್ತಿ, ನಿಮ್ಮ ಮಂದಿ ಮಣ್ಣೂ ಬ್ಯಾಡ, ಎಲ್ಲಿಂದರೆ ತಂದು ಮಾಡು ಅಂದ್ಲು. ತನ್ನ ಬಾಯಿಂದನ ಅಂದ್ಲು. ನಾ ಗಂಟು ಬಿಚ್ಚಿ, ನೀರು ಹಾಕಿ ಕಲಿಸಿ, ಕರಿ ನಾಗಪ್ಪನ್ನ ಮಾಡಿದೆ. ಹೆಡಿ ಎತ್ತಿಸಿ, ಅರಿಷಿಣ ಕುಂಕುಮ ಏರಿಸಿ ಜಗಲಿ ಮ್ಯಾಲ ಕುಂಡ್ರಿಸಿದೆ.

ಓಣಿ ಹೆಂಗಸರು ಹಾಲು ತಗೊಂಡು ಬಂದ್ರು. ಅವರಾಗ ಒಬ್ಬಾಕಿ ಮುದುಕಿ, ಕರಿ ನಾಗಪ್ಪ ಯಾವ ಹುತ್ತದ್ದ ಅಂತ ಕೇಳಿದ್ಲು. ಅದನ್ನ ಕೇಳ್ಲೆಂತನ ಕಾಯಾಕತ್ತಿದ್ದೆ.

"ಇದ ಮನೀದ್ರಿ. ನಮ್ಮ ತೊಟ್ಟಿಲ ಕಾಲಾಗ ತುಂಬಿತ್ತು. ಹಾನಗಲ್ಲಾಗ ಇಷ್ಟು ಕರಿ ಮಣ್ಣ ಎಲ್ಲೈತ್ರಿ?"

ಗೆದ್ದಲ ಕಟ್ಟಿದ ಮಣ್ಣು ಹುತ್ತದ ಮಣ್ಣ, ಕುಂಕುಮ ಏರಿದ ಮ್ಯಾಲ ದೇವರು. ಅತ್ತಿ ಚೆಲ್ಲೂಹಂಗಿಲ್ಲ, ಬಯ್ಯೂಹಂಗಿಲ್ಲ. ಎಲ್ಲಾರೂ ದೇವರ ಪಾಲು, ಅಪ್ಪನ ಪಾಲು ಅನಕೋತ ಹಾಲು ಎರದ್ರು. ನಾ "ಅವ್ವನ ಪಾಲು" ಅಂತ ಓಣಿಗೆ ಕೇಳೂಹಂಗ ಅಂದೆ. ಅತ್ತೀನೂ ಎರೀಬೇಕಾತು. ನನಗ ತಂಬಿಟ್ಟು ತಿಂದಷ್ಟು ಸವಿ ಆತು. ಹಂಗಾರ ಹುಳಾ ನಮ್ಮೂರುವ ಆದ್ವಲ್ಲ ಅಂತ ಮುದುಕಿ ಅಂದು ಎದ್ದು ಹೋದ್ಲು. ಸಂಜೀಕ ಹಾನಗಲ್ಲಿಗೆ, ಅವ್ವ ಬರ್ಲೆಂತ ಅತ್ತೀದ ನಿರೂಪ ಹೋತು.

ಅವ್ವ ಬಂದ್ಲು. ಒಂದ ಉಸರಿನಾಗ ಎಲ್ಲಾ ಹೇಳಿದೆ, ನನ್ನ ಬೆನ್ನು ಚಪ್ಪರಿಸ್ತಾಳಂತ ತಿಳದಿದ್ದೆ. ಆಕಿ ಎದ್ದು ಪಡಸಾಲಿಗೆ ಹೋದ್ಲು. ಅಲ್ಲಿ ಅದ ಹೆಂಗಸರು ಕುಂತಿದ್ರು. ಅವರ ಮುಂದನ ಬಗ್ಗಿ ನಮ್ಮತ್ತಿ ಕಾಲು ಹಿಡದ್ಲು.

"ನಮ್ಮ ಕಟಗೀನ ಹಸಿ ಇತ್ರಿ. ತಪ್ಪು ನಮ್ದ. ಮಗಳದು ಹೊಟ್ಟ್ಯಾಗ ಹಾಕ್ಕೋರಿ."

ಅತ್ತಿ ಅವ್ವನ್ನ ಎಬ್ಬಿಸಲೇ ಇಲ್ಲ, ಹಂಗ ನೋಡಿಕೋತ ಕುಂತ್ಲು. ಅತ್ತಿ ಮುಖದಾಗ ನಗಿ ಬಂತು.

ಮಗಳು ಹುಟ್ಟಿದ್ಲು, ಅವ್ವನ ಕೈಯಾಗನ, ಸುಖಾಗಿ. ಅವ್ವ ಹೊಳ್ಳಿ ಹೋಗೂ ದಿನಾ ಬಂಡಿ ಹಂತ್ಯಾಕ ಜಗಳಾ ತಗದೆ. ಗೆದ್ದ ಮಗಳನ್ನ ಯಾಕ ಸೋಲಿಸಿದಿ, ಸುಳ್ಳ ಯಾಕ ಹೇಳಿದಿ ಅಂದೆ.

"ನಾ ಬಂಡಿ ಹತ್ತಿ ಹೋಗ್ತೇನಿ. ಈ ಮನ್ಯಾಗ ಇರಾಕಿ ನೀ."

ಬಂಡಿ ಹೊಂಟು ಹೋತು. ಆಮ್ಯಾಲ ಅತ್ತಿ ಹಾಸಿಗಿ ಹಿಡದಾಗ ನಾನ ಉಣಿಸಿದೆ, ನಾನ ಹೊಲಸು ಬಳದೆ. ಯಾವುದರಾಗೂ ಕಡಿಮಿ ಮಾಡ್ಲಿಲ್ಲ. ಆದ್ರ ಅವ್ವ ಬಗ್ಗಿದಾಗ ಆಕಿ ನಕ್ಕಿದ್ಲಲ್ಲ, ಅದಕ್ಕ ಮಾಫಿ ಇಲ್ಲ.