ಬಾಗಿಲು ಹಾಕಿ ಚುಚ್ಚಿದ ಸೂಜಿ

ಜಮಖಂಡಿ ಹತ್ತಿರದ ಒಂದು ವಸತಿ ಶಾಲೆಯಲ್ಲಿ ನಾನು ನರ್ಸ್. ಆ ವರ್ಷ ಆರನೆಯ ತರಗತಿಗೆ ಸೇರಿದ ಒಬ್ಬ ಹುಡುಗಿಗೆ ಸಕ್ಕರೆ ಕಾಯಿಲೆ; ಊಟಕ್ಕೆ ಮುಂಚೆ ಇನ್ಸುಲಿನ್ ಬೇಕೇ ಬೇಕು. ಹೊಟ್ಟೆಯ ಚರ್ಮ ಹಿಡಿದು ತಾನೇ ಚುಚ್ಚಿಕೊಳ್ಳುವುದನ್ನು ಬೇಗ ಕಲಿತಳು. ಅವಳದೇನೂ ತೊಂದರೆ ಇರಲಿಲ್ಲ. ತೊಂದರೆ ಇದ್ದದ್ದು ಅವಳಪ್ಪನದು.

"ಬಾಗಲಾ ಹಾಕ್ಕೊಂಡು ಮಾಡಸ್ರಿ ಸಿಸ್ಟರ್, ಯಾರಿಗೂ ಗೊತ್ತಾಗಬಾರದು. ನನ್ನ ತಂಗಿ ಮಗಳೂ ಇದ ಸಾಲ್ಯಾಗ ಅದಾಳ. ತಂಗಿ ಮಗಗ ಈಕೀನ್ನ ಕೊಡೂದಂತ ಹುಟ್ಟಿದಾಗ ಮಾತಾಗೇತಿ."

ವರ ಮಹಾಶಯ ಆಗ ಒಂಬತ್ತನೆಯ ತರಗತಿಯಲ್ಲಿದ್ದ. ಅವನ ತಂಗಿ ನಮ್ಮ ಹುಡುಗಿಯ ಬೆಂಚಿನಲ್ಲೇ ಕೂರುತ್ತಿದ್ದಳು. ನನಗೆ ಮೈಯೆಲ್ಲ ಉರಿಯಿತು. ಮೀಸೆ ಮೂಡದ ಹುಡುಗನಿಗಾಗಿ ಮಗಳ ಜೀವವನ್ನೇ ಪಣಕ್ಕಿಡುವುದೇ? ಸಕ್ಕರೆ ಏಕಾಏಕಿ ಇಳಿದರೆ ಇವಳಿಗೆ ತಕ್ಷಣ ಸಿಹಿ ತಿನ್ನಿಸಬೇಕು, ಪಕ್ಕದಲ್ಲಿ ಕೂತವರಿಗೆ ಅದು ತಿಳಿದಿರಬೇಕು ಎಂದು ಅಪ್ಪನಿಗೆ ಬಿಡಿಸಿ ಹೇಳಿದೆ.

"ನೀವ ಅದೀರಲ್ರಿ," ಎಂದರು. ನಾನೇನು ಅವಳ ಬೆನ್ನಿಗೆ ಅಂಟಿಕೊಂಡಿರುತ್ತೇನೆಯೇ? ಹೆಡ್‌ಮಾಸ್ತರರಿಗೆ ಹೇಳಿದರೆ, "ಅವರ ಮನಿ ವಿಚಾರದಾಗ ನಾವ್ಯಾಕ ಕೈ ಹಾಕೂದ್ರಿ?" ಎಂದು ಜಾರಿಕೊಂಡರು. ಆ ತಿಂಗಳೆಲ್ಲ ನಾನು ಸಿಕ್ಕವರ ಮೇಲೆ ಹರಿಹಾಯುತ್ತಿದ್ದೆ.

ಹೆದರಿದಂತೆಯೇ ಆಯಿತು. ಒಂದು ಮಧ್ಯಾಹ್ನ ಆಟ ಮುಗಿಸಿ ಬಂದವಳು ತರಗತಿಯಲ್ಲಿ ಬೆವೆತು, ನಡುಗಿ, ತೊದಲತೊಡಗಿದಳಂತೆ. ಸುದ್ದಿ ಕೇಳಿ ಓಡಿದೆ. ಹೋಗಿ ನೋಡಿದರೆ ಬೆಂಚಿನ ಗೆಳತಿ, ಅದೇ ಅತ್ತೆಯ ಮಗಳು, ಆಗಲೇ ಅವಳ ಚೀಲದಿಂದ ಗ್ಲೂಕೋಸ್ ಪುಡಿ ತೆಗೆದು ಸ್ವಲ್ಪ ಸ್ವಲ್ಪವೇ ಬಾಯಿಗೆ ಹಾಕುತ್ತಿದ್ದಳು. "ನುಂಗಲೇ, ನುಂಗ!" ಎಂದು ಗದರುತ್ತಿದ್ದಳು. ಹುಡುಗಿ ಉಳಿದಳು.

ಸಂಜೆ ಮಹಾಲಿಂಗಪುರದಿಂದ ಅಪ್ಪ ಬಂದರು. ಮಗಳು ನನ್ನ ಕೋಣೆಯ ಮಂಚದ ಮೇಲೆ ಒರಗಿದ್ದಳು. ಹೇಗಿದ್ದೀ ಎಂದು ಕೇಳಲಿಲ್ಲ, ಹಣೆ ಮುಟ್ಟಲಿಲ್ಲ. ನನ್ನತ್ತ ತಿರುಗಿ, "ತಂಗಿ ಮಗಳಿಗೆ ಗೊತ್ತಾತೇನ್ರಿ?" ಎಂದರು.

ಉತ್ತರ ಕೊಟ್ಟವಳು ಮಗಳು.

"ಆಕಿಗೆ ಯಾವಾಗೋ ಗೊತ್ತೈತಪ್ಪಾ, ನಾನ ಹೇಳೇನಿ. ಅತ್ತಿಗೂ ಗೊತ್ತೈತಿ. ನಿಮ್ಮಪ್ಪಗ ಹೇಳಬ್ಯಾಡ, ಮಾರಿ ಸಣ್ಣ ಮಾಡ್ಕೋತಾನ ಅಂದಾಳ."

ಅವರು ಕೂರಲು ಕುರ್ಚಿ ಹುಡುಕಿದರು. ಹತ್ತಿರವೇ ಇತ್ತು, ನಾನು ಸರಿಸಿ ಕೊಡಲಿಲ್ಲ. ಮಂಚದ ಮೇಲೆ ಮಗಳ ಪಕ್ಕ ಬೇಕಾದಷ್ಟು ಜಾಗವಿತ್ತು.