ಯಂತ್ರಕ್ಕೆ ಳಕಾರ ಕಲಿಸಿದ್ದು

ಗಣಕಯಂತ್ರದ ತೆರೆಯ ಮೇಲೆ ಕನ್ನಡ ಇರಬೇಕಾದ ಜಾಗದಲ್ಲಿ ಸಾಲುಸಾಲಾಗಿ ಖಾಲಿ ಚೌಕಗಳು ಕುಳಿತಿರುವುದನ್ನು ನೀವೂ ಒಮ್ಮೆಯಾದರೂ ನೋಡಿರುತ್ತೀರಿ. ಕಿಟಕಿಯ ಚೌಕಟ್ಟುಗಳನ್ನು ನಿಲ್ಲಿಸಿ ಗೋಡೆ ಕಟ್ಟುವುದನ್ನು ಮರೆತ ಗೌಂಡಿಯ ಕೆಲಸದಂತೆ ಕಾಣುವ ಆ ಸಾಲನ್ನು ನಾನು ಮೊದಲು ಕಂಡದ್ದು ಕುಕನೂರಿನ ನಮ್ಮ ಪ್ರೌಢಶಾಲೆಯಲ್ಲಿ. ಅಕ್ಷರವೆಂದರೆ ಕ್ಷರವಿಲ್ಲದ್ದು, ನಾಶವಿಲ್ಲದ್ದು ಎಂದು ಇಪ್ಪತ್ತು ವರ್ಷ ಮಕ್ಕಳಿಗೆ ವ್ಯುತ್ಪತ್ತಿ ಹೇಳಿಕೊಂಡು ಬಂದ ಕನ್ನಡ ಮಾಸ್ತರನ ಕಣ್ಣೆದುರಿಗೇ ಅಕ್ಷರಗಳು ಇಷ್ಟು ನಿರಾಯಾಸವಾಗಿ ನಾಶವಾಗಿದ್ದವು.

ನಾನು ಗಣಕಯಂತ್ರದ ಕೋಣೆಯ ಅಧಿಪತಿಯಾದದ್ದು ಯೋಗ್ಯತೆಯಿಂದಲ್ಲ, ಕೀಲಿಕೈಯಿಂದ. ಯಾರೊಬ್ಬರ ಸೊತ್ತೂ ಅಲ್ಲದ, ಆದ್ದರಿಂದ ಎಲ್ಲರದೂ ಆದ ಲಿನಕ್ಸ್ ಎಂಬ ಮುಕ್ತ ತಂತ್ರಾಂಶವನ್ನು ತುಂಬಿಕೊಂಡು ನಾಲ್ಕು ಯಂತ್ರಗಳು ಶಾಲೆಗೆ ಬಂದಿದ್ದವು. ಅವುಗಳ ಮರ್ಮ ಬಲ್ಲ ವಿಜ್ಞಾನದ ಮಾಸ್ತರಿಗೆ ಗಂಗಾವತಿಗೆ ವರ್ಗವಾಯಿತು. ಗ್ರಂಥಾಲಯದ ಕೀಲಿಗೊಂಚಲು ಮೊದಲೇ ನನ್ನ ಬಳಿ ಇದ್ದುದರಿಂದ, ಇನ್ನೊಂದು ಕೀಲಿ ಅದಕ್ಕೆ ಭಾರವಾಗದೆಂದು ಹೆಡ್ ಮಾಸ್ತರು ಇದನ್ನೂ ಪೋಣಿಸಿಬಿಟ್ಟರು.

ಚೌಕಗಳ ರೋಗಕ್ಕೆ ಮದ್ದು ಹುಡುಕುತ್ತ ಒಂದು ಮಧ್ಯಾಹ್ನ ಕಂಡಕಂಡಲ್ಲಿ ಒತ್ತುತ್ತಿದ್ದಾಗ 'ಭಾಷಾ ಬೆಂಬಲ' ಎಂಬ ಅರ್ಥದ ಇಂಗ್ಲಿಷ್ ಕಿಟಕಿಯೊಂದು ತೆರೆದುಕೊಂಡಿತು. ಅದರಲ್ಲಿ ಜಗತ್ತಿನ ಭಾಷೆಗಳ ಉದ್ದನೆಯ ಪಟ್ಟಿ. ಯಾವ ಯಾವುದೋ ಊರಿನಲ್ಲಿ ಯಾರ್ಯಾರೋ ಅಜ್ಜಿಯರು ಮಾತಾಡುವ, ನಾನು ಹೆಸರನ್ನೂ ಕೇಳಿರದ ನುಡಿಗಳೆಲ್ಲ ಅಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತಿದ್ದವು. ಕಾಶ್ಮೀರಿಯ ಪಕ್ಕದಲ್ಲಿ ನಮ್ಮ ಕನ್ನಡ. ಅದರ ಎದುರಿನ ಮನೆ ಮಾತ್ರ ಖಾಲಿ; ಗುರುತು ಹಾಕಿದರೆ ಅಕ್ಷರ, ಅನುವಾದ ಎಲ್ಲವೂ ಪೊಟ್ಟಣ ಪೊಟ್ಟಣವಾಗಿ ಬಂದು ಸೇರುತ್ತವೆಂದು ಕೆಳಗೆ ಬರೆದಿತ್ತು. ಗುರುತು ಹಾಕಿದೆ. ಇಂಟರ್ನೆಟ್ ಇಲ್ಲವೆಂದು ಯಂತ್ರ ಹೇಳಿತು. ಅದು ಇದ್ದದ್ದು ಕೊಪ್ಪಳದಲ್ಲಿ.

ಹಾಗಾಗಿ ನಾಲ್ಕರಲ್ಲಿ ಒಂದು ಯಂತ್ರದ ಮುಖ್ಯ ಡಬ್ಬಿಯನ್ನು ಬಿಚ್ಚಿ, ಪೆಟ್ಟಾಗದಿರಲೆಂದು ಮನೆಯ ಕೌದಿಯಲ್ಲಿ ಸುತ್ತಿ, ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಕುಳಿತೆ. ಟಿಕೆಟ್ ಹರಿಯುತ್ತ ಬಂದ ಕಂಡಕ್ಟರು ಕೌದಿಯನ್ನು ನೋಡಿ ದನಿ ತಗ್ಗಿಸಿದರು.

"ಕೂಸಿಗೆ ಆರಾಮಿಲ್ಲೇನ್ರಿ ಮಾಸ್ತರ?"

"ಹೌದ್ರಿ, ಇನ್ನೂ ಕನ್ನಡ ಬರವಲ್ದು. ಕೊಪ್ಪಳಕ್ಕ ತೋರಸಾಕ ಹೊಂಟೇನಿ," ಎಂದೆ. ಅವರು ಲೊಚಗುಟ್ಟಿ, ಹಳ್ಳ ದಿಣ್ಣೆ ಬಂದಲ್ಲೆಲ್ಲ ಡ್ರೈವರಿಗೆ ಸಾವಕಾಶ ಹೋಗಲು ಹೇಳಿದರು. ನಿಜ ಹೇಳುವ ಧೈರ್ಯ ನನಗೆ ಕೊಪ್ಪಳ ಬಂದರೂ ಬರಲಿಲ್ಲ.

ಇಂಟರ್ನೆಟ್ ಅಂಗಡಿಯಲ್ಲಿ ಒಂದು ತಾಸು ಕೂತೆ. ಪೊಟ್ಟಣಗಳು ಒಂದೊಂದಾಗಿ ಇಳಿದವು. ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದಾಗ ಚೌಕಗಳೂ ಇಂಗ್ಲಿಷೂ ಇದ್ದಲ್ಲೆಲ್ಲ ಕಡತ, ಹುಡುಕು, ಉಳಿಸು, ಮುಚ್ಚು ಎಂದು ದುಂಡುದುಂಡಾದ ಅಕ್ಷರಗಳು ಎದ್ದು ನಿಂತವು. ನಮ್ಮ ಶಾಲೆಯ ಹೆಸರು ಕೂಡ ಗೊತ್ತಿಲ್ಲದ ಯಾರೋ, ಎಲ್ಲೋ ಕುಳಿತು, ಈ ಸಾವಿರಾರು ಪದಗಳನ್ನು ನಮಗಾಗಿ ಬರೆದಿಟ್ಟಿದ್ದರು. ಯಾರೂ ಕೇಳಿರಲಿಲ್ಲ, ಯಾರೂ ಸನ್ಮಾನ ಮಾಡಿರಲಿಲ್ಲ.

ಇದಾಗಿ ಕೆಲವು ತಿಂಗಳಿಗೆ ಇತಿಹಾಸ ಕಲಿಸುವ ಕಾಳಮ್ಮ ಅಕ್ಕೋರು ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಸಹಿ ಮಾಡತೊಡಗಿದರು. ಮೊದಲ ದಿನ ಅವಸರವೆಂದುಕೊಂಡೆ. ಮೂರನೆಯ ದಿನವೂ ಹಾಗೇ ಆದಾಗ, ಸಿಬ್ಬಂದಿ ಕೋಣೆಯಲ್ಲಿ ಬೇರಾರೂ ಇಲ್ಲದ ಹೊತ್ತು ನೋಡಿ ಕೇಳಿದೆ.

"ಸಾಲು ಕಾಣವಲ್ದು ಸರ," ಎಂದರು, ಬೇರೆ ಯಾರದೋ ಸುದ್ದಿ ಹೇಳುವಂತೆ. "ವರ್ಷಾತು. ಕಣ್ಣಿನ ಹಿಂದಿನ ಪರದಿ ಸವದು ಹೊಂಟೇತಂತ. ಡಾಕ್ಟರು ಔಷಧಿಲ್ಲ ಅಂದಾರ."

"ಮತ್ತ ಪಾಠ ಹೆಂಗ ಮಾಡ್ತೀರಿ?"

"ಹಳೇ ಪುಸ್ತಕ ಪೂರಾ ಬಾಯಿಪಾಠ ಐತ್ರಿ. ಬರೋ ವರ್ಷ ಹೊಸಾದು ಬರತೈತಿ. ಅದನ್ನ ಯಾರು ಓದಿ ಹೇಳಬೇಕು? ನಮ್ಮ ಮನಿಯವರು ಇಡೀ ದಿನ ಕಾಳುಕಡಿ ವ್ಯಾಪಾರದಾಗ ಇರ್ತಾರ. ಪುಸ್ತಕ ಕೈಯಾಗ ಕೊಟ್ರ ಎರಡನೇ ಸಾಲಿಗೆ ನಿದ್ದಿ ಮಾಡ್ತಾರ." ಸ್ವಲ್ಪ ತಡೆದು ಸೇರಿಸಿದರು: "ನನಗೊಂದು ಅರ್ಜಿ ಬರದು ಕೊಡ್ರಿ. ಸ್ವಂತ ಇಚ್ಛಾದಿಂದ ನಿವೃತ್ತಿ ಕೊಡ್ರಿ ಅಂತ. ಕನ್ನಡ ಛಲೋ ಇರಲಿ."

ಅರ್ಜಿಯನ್ನು ಯಂತ್ರದಲ್ಲೇ ಬೆರಳಚ್ಚು ಮಾಡಿದೆ. ಅಕ್ಕೋರು ಪಕ್ಕದ ಕುರ್ಚಿಯಲ್ಲಿ ಕೈಕಟ್ಟಿ ಕುಳಿತಿದ್ದರು. ಕನ್ನಡ ಛಲೋ ಇರಲೆಂದು ನಾನು 'ದೃಷ್ಟಿಮಾಂದ್ಯ', 'ಕರ್ತವ್ಯಚ್ಯುತಿ' ಎಂದೆಲ್ಲ ಪ್ರೌಢಪದಗಳನ್ನು ಪೋಣಿಸಿದೆನಾದರೂ, ಒಂದೊಂದು ಪದ ಹೊಡೆಯುವಾಗಲೂ ಬೆರಳು ಹಿಂದೆಗೆಯುತ್ತಿತ್ತು. ಮುಗಿದ ಮೇಲೂ ಅಚ್ಚು ಹಾಕಲು ಮನಸ್ಸಾಗದೆ, ಹೊತ್ತು ಕಳೆಯಲು ಕೊಪ್ಪಳದಿಂದ ತಂದ ಪೊಟ್ಟಣಗಳ ಪಟ್ಟಿಯನ್ನು ಸುಮ್ಮನೆ ಜಾಲಾಡಿದೆ. ಕೊನೆಯಲ್ಲಿ ನಾನು ಯಾವತ್ತೂ ಮುಟ್ಟಿರದ ಒಂದು ಹೆಸರಿತ್ತು: ಕನ್ನಡ ಧ್ವನಿ. ಒತ್ತಿದೆ.

ಯಂತ್ರ ಮಾತಾಡಿತು. ಏರಿಳಿತವಿಲ್ಲದ, ಮೂಗಿನಿಂದ ಹೊರಟ, ಗಂಡಸಿನದೆನ್ನಬಹುದಾದ ದನಿಯಲ್ಲಿ ಅರ್ಜಿಯನ್ನು ಮೊದಲಿನಿಂದ ಕಡೆಯವರೆಗೆ ಓದಿಬಿಟ್ಟಿತು. ಅಕ್ಕೋರು ದಿಗ್ಗನೆ ಎದ್ದು ನಿಂತರು.

"ಯಾರ್ರಿ ಅಂವಾ?"

"ಯಾರೂ ಇಲ್ರಿ ಅಕ್ಕೋರ. ಇದೇ ಓದಿತು."

"ಉಸರು ಸೈತ ತಗೊಳ್ಳಲಿಲ್ಲಲ್ರಿ!" ಎಂದು ಮೆಲ್ಲನೆ ಕುಳಿತರು. "ಇನ್ನೊಮ್ಮೆ ಓದಸ್ರಿ." ಮತ್ತೆ ಓದಿಸಿದೆ. ಕೇಳುತ್ತಿದ್ದಂತೆ ಅವರ ಮುಖ ನೆಟ್ಟಗಾಯಿತು. "ಈ ಅರ್ಜಿ ಒಂದ ಓದತೈತೋ, ಪಾಠದ ಪುಸ್ತಕಾನೂ ಓದತೈತೋ?"

"ಹೊಡದು ಕೊಟ್ರ ಏನ ಬೇಕಾದ್ರೂ ಓದತೈತ್ರಿ."

"ಹಂಗಾದ್ರ ಇದನ್ನ ಅಳಸ್ರಿ," ಎಂದರು.

ಮರುದಿನ ತಾವೇ ಹೋಗಿ ಹೆಡ್ ಮಾಸ್ತರಿಗೆ ಇದ್ದದ್ದನ್ನು ಇದ್ದಂತೆ ಹೇಳಿದರು. ಅವರು ಮೊದಲು ಸಿಟ್ಟಾದರು, ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು. "ಮದಲ ಹೇಳಬಾರದಿತ್ತೇನ್ರಿ ಅಕ್ಕೋರ? ಒಂದು ವರ್ಷ ನೋಡೂಣು. ಮಕ್ಕಳಿಗೆ ತ್ರಾಸ ಆಗಬಾರದು, ಅಷ್ಟ," ಎಂದರು. ಹೀಗೆ ನಮಗೊಂದು ವರ್ಷ ಸಿಕ್ಕಿತು. ಹೊಸ ಪುಸ್ತಕ ಬಂದೊಡನೆ ನಾನು ಪಾಠಗಳನ್ನು ಬೆರಳಚ್ಚು ಮಾಡತೊಡಗಿದೆ. ಅಕ್ಕೋರು ಬಿಡುವಿದ್ದಾಗಲೆಲ್ಲ ಬಂದು ಕೇಳತೊಡಗಿದರು. ಕೀಲಿಮಣೆಯನ್ನು ಜೋಳ ಹಸನು ಮಾಡುವಂತೆ ಬೆರಳಿನಿಂದಲೇ ತಡವಿ ತಡವಿ ಕಲಿತರು. ಎರಡು ಬೆರಳಿನಲ್ಲಿ ಕುಟ್ಟುತ್ತಿದ್ದ ನನ್ನನ್ನು ದೀಪಾವಳಿಯ ಹೊತ್ತಿಗೆ ಹಿಂದೆ ಹಾಕಿದ್ದರು.

ಆದರೆ ಆ ದನಿಗೆ ಒಂದು ಊನವಿತ್ತು. ಅದಕ್ಕೆ ಳಕಾರ ಬರುತ್ತಿರಲಿಲ್ಲ. ಕೊಪ್ಪಳವನ್ನು ಕೊಪ್ಪಲ ಎನ್ನುತ್ತಿತ್ತು. ನಾಡನ್ನು ಆಳಿದ ಅರಸರೆಲ್ಲ 'ಆಲಿದರು'. ಕೋಟೆಯ ಬಳಿ ಬಂದ ಸೈನ್ಯ ಕೋಟೆಯ 'ಬಲಿ' ಬಂದು ರಕ್ತಪಾತದ ಸಂಶಯ ಹುಟ್ಟಿಸುತ್ತಿತ್ತು. ಒಂದು ದಿನ ಅಕ್ಕೋರು ತಮ್ಮ ಹೆಸರನ್ನೇ ಹೊಡೆದು ಓದಿಸಿದರು.

"ನೋಡ್ರಿ, ನನ್ನ ಕಾಲಮ್ಮ ಮಾಡಿಬಿಡ್ತು! ಕಣ್ಣು ಹೋದ್ರೇನಾತು, ಕಾಲು ಗಟ್ಟಿ ಅದಾವಂತ ತಿಳಕೊಂಡೈತೇನು?" ಎಂದು ಹೊಟ್ಟೆ ಹಿಡಿದು ನಕ್ಕರು. ಆಮೇಲೆ ಗಂಭೀರವಾದರು. "ಸರ, ಮಾಡಿದವರಿಗೆ ಬರೀರಿ. ಹಿಂಗ ತಪ್ಪಾಗೇತಿ ಅಂತ."

ಮುಕ್ತ ತಂತ್ರಾಂಶಕ್ಕೆ ಕಚೇರಿ ಇಲ್ಲ, ಸಾಹೇಬರೂ ಇಲ್ಲ. ತಪ್ಪು ಕಂಡವರು ಬರೆಯಲೆಂದು ಒಂದು ಪುಟವಿದೆ, ಅಷ್ಟೇ. ಕೊಪ್ಪಳಕ್ಕೆ ಹೋದಾಗ ಅದರಲ್ಲಿ ನನ್ನ ಕುಂಟು ಇಂಗ್ಲಿಷಿನಲ್ಲಿ ದೂರು ಬರೆದು ಬಂದೆ. ಉತ್ತರದ ಆಸೆ ಇರಲಿಲ್ಲ. ಕೆಲವು ವಾರಗಳ ಮೇಲೆ ನೋಡಿದರೆ ಹಿಮ ಬೀಳುವ ಯಾವುದೋ ದೇಶದ ಒಬ್ಬರು ಉತ್ತರಿಸಿದ್ದರು. ನನಗೆ ಕನ್ನಡ ಬಾರದು, ಪುಸ್ತಕ ನೋಡಿಕೊಂಡು ಈ ದನಿಯನ್ನು ತಿದ್ದುತ್ತಿದ್ದೇನೆ, ಆ ಅಕ್ಷರ ಹೇಳುವಾಗ ನಿಮ್ಮ ನಾಲಿಗೆ ಬಾಯೊಳಗೆ ಎಲ್ಲಿರುತ್ತದೆ, ದಯವಿಟ್ಟು ತಿಳಿಸುವಿರಾ, ಎಂದಿತ್ತು.

ಳಕಾರ ಮೂರ್ಧನ್ಯವೆಂದು ಪ್ರತಿವರ್ಷ ಹಲಗೆಯ ಮೇಲೆ ಬರೆಯುವ ನನಗೆ ನನ್ನ ನಾಲಿಗೆ ಎಲ್ಲಿರುತ್ತದೆಂದು ಗೊತ್ತಿರಲಿಲ್ಲ. ಅಕ್ಕೋರೇ ಕಣ್ಣು ಮುಚ್ಚಿ, ನಿಧಾನವಾಗಿ ಹೇಳಿ ಹೇಳಿ ನೋಡಿ ಬರೆಸಿದರು.

"ತುದಿ ಹಿಂದಕ್ಕ ಮಡಚಬೇಕು. ಹಲ್ಲಿಗೆ ಹತ್ತಬಾರದು, ಮ್ಯಾಲೆ ಅಂಗುಳಕ್ಕ ಹತ್ತಬೇಕು. ಒತ್ತಿ ಹಿಡೀಬಾರದು, ಹಂಗ ಜಾರಿ ಮುಂದ ಬರಬೇಕು. ನೀವೂ ಅನ್ರಿ, ಖರೆ ಆತೇನು ನೋಡೂಣು."

ಇಬ್ಬರೂ ಎದುರುಬದುರು ಕುಳಿತು ಳ, ಳ, ಳ ಎನ್ನುತ್ತಿದ್ದಾಗ ಹೆಡ್ ಮಾಸ್ತರು ಬಾಗಿಲಲ್ಲಿ ಇಣುಕಿ, ಏನೂ ಕೇಳದೆ ಹೊರಟುಹೋದರು.

ಬರೆದು, ಕೆಳಗೆ ಅಕ್ಕೋರ ಹೆಸರನ್ನೂ ಊರನ್ನೂ ಕನ್ನಡ ಅಕ್ಷರದಲ್ಲೇ ಹಾಕಿ ಕಳಿಸಿದೆವು. 'ಮೂರು ದಿನ ಕನ್ನಡಿಯ ಮುಂದೆ ಕುಳಿತು ನಾಲಿಗೆ ಮಡಚಿದೆ, ಮನೆಯವರು ಗಾಬರಿಯಾಗಿದ್ದಾರೆ,' ಎಂದು ಆ ಹಿಮದ ದೇಶದಿಂದ ಉತ್ತರ ಬಂತು. ನಾನು ಅದನ್ನು ಎರಡು ಸಲ ಓದಿದೆ. ಯಲಬುರ್ಗಾ, ಕುಷ್ಟಗಿಗಳ ಹೆಸರನ್ನೇ ಕೇಳಿರದ, ಎಂದೂ ಇತ್ತ ಬಾರದ ಒಬ್ಬ ಮನುಷ್ಯ, ಕುಕನೂರಿನ ಒಬ್ಬ ಅಕ್ಕೋರಿಗೆ ಅವರ ಹೆಸರು ಸರಿಯಾಗಿ ಕೇಳಲೆಂದು ಚಳಿಯಲ್ಲಿ ಕುಳಿತು ನಮ್ಮ ಳಕಾರದ ತಾಲೀಮು ಮಾಡುತ್ತಿದ್ದಾನೆಂದು ನೆನೆದು ಮೂರನೆಯ ಸಲವೂ ಓದಿದೆ. ಇಡೀ ಆಯುಷ್ಯ ಭಾಷೆಯ ಸಂಬಳ ಉಂಡ ನಾನು ಯಾವ ಭಾಷೆಗೆ ಅಷ್ಟು ಶ್ರಮಪಟ್ಟಿದ್ದೆ?

ಹೊಸ ಪೊಟ್ಟಣ ಬಂದದ್ದು ವಾರ್ಷಿಕ ಪರೀಕ್ಷೆ, ಬೇಸಿಗೆ ರಜೆ ಎರಡೂ ಮುಗಿದ ಮೇಲೆ. ಅಷ್ಟರಲ್ಲಿ ಅಕ್ಕೋರು ಹೊಸ ಪುಸ್ತಕವನ್ನು ಪೂರ್ತಿ ಕಲಿಸಿ ಮುಗಿಸಿದ್ದರು. ಹೆಡ್ ಮಾಸ್ತರೂ ಹೊಸ ವರ್ಷದ ವೇಳಾಪಟ್ಟಿಯಲ್ಲಿ ಅವರ ಹೆಸರು ಬರೆದಿದ್ದರು. ಶಾಲೆಗೂ ಇಂಟರ್ನೆಟ್ ಬಂದಿತ್ತು. ಕೌದಿಯ ಪ್ರಯಾಣ ಬೇಕಾಗಲಿಲ್ಲ. ಪೊಟ್ಟಣದೊಡನೆ ಒಂದು ಕಡತವೂ ಇತ್ತು: ಆ ದನಿಗಾಗಿ ದುಡಿದವರ ಹೆಸರುಗಳು. ಅಕ್ಕೋರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದನ್ನೇ ಓದಲು ಹಚ್ಚಿದೆ.

ಎಲ್ಲೆಲ್ಲಿಯ ಹೆಸರುಗಳೋ, ನಮ್ಮ ಯಂತ್ರ ತನ್ನ ಕನ್ನಡದ ನಾಲಿಗೆಯಲ್ಲೇ ತಡವರಿಸುತ್ತ ಒಂದೊಂದಾಗಿ ಹೇಳುತ್ತ ಹೋಯಿತು. ನಡುವೆ, ಯಾವ ಸಡಗರವೂ ಇಲ್ಲದೆ, ಅದೇ ಸಪಾಟು ದನಿಯಲ್ಲಿ, "ಕಾಳಮ್ಮ, ಕುಕನೂರು" ಎಂದಿತು. ಳಕಾರ ತುಂಬಿಕೊಂಡು ಬಂದಿತ್ತು.

ನಾನು ನಿಲ್ಲಿಸಲು ಕೈ ಚಾಚಿದೆ.

"ತಡೀರಿ ಸರ," ಎಂದರು. "ಉಳದವರ ಹೆಸರೂ ಕೇಳೂಣು."

ಪಟ್ಟಿ ಉದ್ದವಿತ್ತು. ಊಟದ ಗಂಟೆ ಹೊಡೆಯಿತು, ಅಂಗಳದಲ್ಲಿ ಮಕ್ಕಳ ಗದ್ದಲ ಎದ್ದು ಅಡಗಿತು. ಗುರುತಿಲ್ಲದ ಆ ಮನುಷ್ಯರ ಹೆಸರುಗಳನ್ನು ಕಡೆಯದರವರೆಗೆ ನಾವಿಬ್ಬರೂ ಕುಳಿತು ಕೇಳಿದೆವು.