ಚಪ್ಪಟೆ ಟುಟುವಿನ ಕಾಲ

ಬ್ಯಾಲೆ ಟೀಚರ್ ಆವತ್ತು ಹೌದೆಂಬಂತೆ ತಲೆಯಾಡಿಸಿದರು ಎಂದೇ ನನ್ನ ನೆನಪು. ಒಂದು ಸಲವಲ್ಲ, ಎರಡು ಸಲ. ಹಾಗೇನೂ ಆಗಲಿಲ್ಲ ಎನ್ನುತ್ತಾಳೆ ಮಗಳು. ಹೆಂಡತಿ ಆ ಕೋಣೆಯಲ್ಲಿ ಇರಲೇ ಇಲ್ಲ, ಆದರೂ ಮಗಳ ಪಕ್ಷ. ನಾಲ್ಕು ವರ್ಷದ ಹಿಂದಿನ ಮಾತು ಇದು. ನೆನಪನ್ನು ಹೊರತೆಗೆದಾಗಲೆಲ್ಲ ನಾವು ಅದನ್ನು ತುಸು ತಿದ್ದಿಯೇ ಒಳಗಿಡುತ್ತೇವೆ ಎಂದು ಕಾಲೇಜಿನಲ್ಲಿ ಓದಿದವನು ನಾನು. ಆ ಪಾಠವನ್ನು ನನ್ನ ಮೇಲೆ ಪ್ರಯೋಗಿಸಿಕೊಳ್ಳುವ ಬದಲು ಎಪ್ಪತ್ತರ ಹೊಸ್ತಿಲಲ್ಲಿದ್ದ ಒಬ್ಬ ಹೆಂಗಸಿನ ಮೇಲೆ ಪ್ರಯೋಗಿಸಿದೆ.

ಆಗ ಮಗಳಿಗೆ ಒಂಬತ್ತು. ಜಪಾನಿನಲ್ಲಿ, ಫುನಾಬೊರಿಯ ನಮ್ಮ ಮನೆಯಿಂದ ಹತ್ತು ನಿಮಿಷ ನಡೆದರೆ ಒಂದು ಲಾಂಡ್ರಿ. ಅದರ ಮೇಲಿನ ಮಹಡಿಯಲ್ಲಿ ಬ್ಯಾಲೆ ತರಗತಿ. ವರ್ಷಕ್ಕೊಮ್ಮೆ ಮಕ್ಕಳ ಪ್ರದರ್ಶನ. ಅದು ಬಂತೆಂದರೆ ಪ್ರತಿ ಮನೆಗೂ ಒಂದೊಂದು ಕೆಲಸ ಹಂಚುತ್ತಾರೆ, ಯಾರೂ ಒಲ್ಲೆ ಎನ್ನುವುದಿಲ್ಲ. ತಾಯಂದಿರು ಟುಟುಗಳಿಗೆ ಹುಕ್ ಹೊಲಿಯುತ್ತಾರೆ. ಟುಟು ಎಂದರೆ ನೆಟ್ ಬಟ್ಟೆಯ ಹಲವು ಪದರಗಳ, ಸೊಂಟದ ಸುತ್ತ ಅರಳಿ ನಿಲ್ಲುವ ಗಿಡ್ಡ ಲಂಗ. ಅಪ್ಪಂದಿರು ಪೆಟ್ಟಿಗೆ ಹೊರುತ್ತಾರೆ. ನನ್ನದು ಬೆನ್ನುನೋವು, ಮೇಲಾಗಿ ಸಾಫ್ಟ್‌ವೇರ್ ಕೆಲಸ. ಹಾಗಾಗಿ ಸಭಾಂಗಣದ ಬಾಗಿಲ ಬಳಿ ಇಡುವ ಹಳೆಯ ಫೋಟೋಗಳ ಫಲಕ ನನ್ನ ಪಾಲಿಗೆ ಬಂತು.

ಟೀಚರ್, ಮಗಳ ಬಾಯಲ್ಲಿ ಸೆನ್ಸೇ, ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಹನ್ನೆರಡು ಫೋಟೋ ಕೊಟ್ಟರು. ಮೇಲಿಂದ ಕೆಳಕ್ಕೆ ಕಾಲಾನುಕ್ರಮದಲ್ಲೇ ಜೋಡಿಸಿದ್ದೇನೆ ಎಂದರು. ಅವರ ಜಪಾನೀ ಮಾತನ್ನು ಮಗಳು ನನಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ಎಲ್ಲಕ್ಕಿಂತ ಮೇಲಿದ್ದದ್ದು ಅವರದೇ ಫೋಟೋ, ಎಪ್ಪತ್ತರ ದಶಕದ ಆರಂಭದ್ದು ಎಂದರು. ಇಪ್ಪತ್ತರ ಹುಡುಗಿ, ಒಂಟಿ ಕಾಲಿನ ತುದಿಯಲ್ಲಿ, ಸೊಂಟದ ಸುತ್ತ ದೋಸೆಯಂತೆ ಚಪ್ಪಟೆಯಾದ ಅಗಲ ಟುಟು. ಅದರ ಕೆಳಗಿನ, ಅದೇ ದಶಕದ ಕೊನೆಯ ನಾಲ್ಕೈದು ಫೋಟೋಗಳಲ್ಲಿ ಅವರ ಟುಟು ಗಂಟೆಯಂತೆ ಇಳಿಬಿದ್ದಿತ್ತು. ಡಬ್ಬಿಯ ತಳದಲ್ಲಿದ್ದ ಈಚಿನ ಫೋಟೋಗಳಲ್ಲಿ ಮತ್ತೆ ಚಪ್ಪಟೆ.

ನನಗೆ ಅದು ಸರಿಕಾಣಲಿಲ್ಲ. ಆ ವಾರ ರೈಲಿನಲ್ಲಿ ಹೋಗಿಬರುವಾಗೆಲ್ಲ ಫೋನಿನಲ್ಲಿ ಟುಟುವಿನ ಚರಿತ್ರೆ ಓದಿದೆ. ಮೊದಲು ಮೊಣಕಾಲಿನ ಕೆಳಗಿನವರೆಗೆ ಉದ್ದದ ಲಂಗ. ಕಾಲಿನ ಕೆಲಸ ಕಾಣಬೇಕೆಂದು ಅದು ಗಿಡ್ಡವಾಯಿತು. ಆಮೇಲೆ ಒಳಗೊಂದು ತಂತಿಯ ಬಳೆ ಸೇರಿ ಚಪ್ಪಟೆಯಾಯಿತು. ಉದ್ದ, ಗಿಡ್ಡ, ಚಪ್ಪಟೆ. ಒಂದೇ ಗೆರೆ, ಒಂದೇ ದಿಕ್ಕು. ಹಾಗಿದ್ದ ಮೇಲೆ ಎಪ್ಪತ್ತರ ದಶಕದ ಆರಂಭದಲ್ಲಿ ಚಪ್ಪಟೆ ಉಟ್ಟವರು ಆ ದಶಕದ ಕೊನೆಗೆ ಇಳಿಬಿದ್ದದ್ದಕ್ಕೆ ಹೇಗೆ ಹಿಂದಿರುಗುತ್ತಾರೆ? ಟೀಚರ್ ತಮ್ಮ ಫೋಟೋವನ್ನು ಪ್ರೀತಿಯಿಂದ ಮೇಲಿಟ್ಟುಕೊಂಡು, ಕಾಲ ಮರೆತಿದ್ದಾರೆ ಎಂದು ತೀರ್ಮಾನಿಸಿದೆ.

ಮನೆಯಲ್ಲಿ ಹೇಳಿದಾಗ ಹೆಂಡತಿ ಸೊಪ್ಪು ಬಿಡಿಸುತ್ತಿದ್ದಳು.

"ರೀ, ಅವ್ರು ಕೊಟ್ಟ ಆರ್ಡರಲ್ಲೇ ಅಂಟಿಸ್ರಿ. ಲಂಗ ಅವ್ರದು, ಕಾಲು ಅವ್ರದು. ನಿಮ್ದೇನ್ರೀ ಅಧಿಕಪ್ರಸಂಗ?"

ಅದು ತಮಾಷೆಯೋ ಬೈಗುಳವೋ ಎಂದು ನಾನು ಯೋಚಿಸಲಿಲ್ಲ. ಆಫೀಸಿನಲ್ಲಿ ಇನ್ನೊಬ್ಬರ ತಪ್ಪು ಹುಡುಕುವುದೇ ನನ್ನ ಕೆಲಸ, ಅದಕ್ಕೇ ಸಂಬಳ. ಮುಂದಿನ ಶನಿವಾರ ಮಗಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಈ ಫೋಟೋ ಬಹುಶಃ ಎಂಬತ್ತರ ದಶಕದ್ದು, ಇದರ ಜಾಗ ಬದಲಿಸುತ್ತೇನೆ ಎಂದು ಟೀಚರಿಗೆ ವಿವರಿಸಿದೆ. ಫೋನಿನಲ್ಲಿ ಉಳಿಸಿಕೊಂಡಿದ್ದ ಚಿತ್ರಗಳನ್ನೂ ತೋರಿಸಿದೆ. ಮಗಳು ನಡುವೆ ಒಂದೆರಡು ಕಡೆ ತಡವರಿಸಿದಳು. ಪದ ಸಿಗದೆ ತಡವರಿಸುತ್ತಿದ್ದಾಳೆ ಎಂದುಕೊಂಡೆ. ಟೀಚರ್ ಫೋಟೋವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದರು. ಈ ಟುಟು ತಮ್ಮ ಅಮ್ಮ ಹೊಲಿದದ್ದು ಎಂದರು. ಅಥವಾ ಅದನ್ನು ಡಬ್ಬಿ ಕೊಟ್ಟ ದಿನವೇ ಹೇಳಿದ್ದರೇನೋ. ಅದೂ ನನಗೆ ಖಚಿತವಿಲ್ಲ. ಆಮೇಲೆ ತಲೆಯಾಡಿಸಿದರು, ಅಥವಾ ಆಡಿಸಲಿಲ್ಲ. ಆಡಿಸಿದ್ದರೂ ಅದರ ಅರ್ಥ "ಕೇಳಿಸಿಕೊಂಡೆ" ಎಂದಷ್ಟೇ ಎನ್ನುವುದು ಈ ದೇಶಕ್ಕೆ ಬಂದು ಏಳು ವರ್ಷವಾಗಿದ್ದ ನನಗೆ ಗೊತ್ತಿರಬೇಕಿತ್ತು. ಮೀಟಿಂಗುಗಳಲ್ಲಿ ತಲೆದೂಗಿದ ಸಹೋದ್ಯೋಗಿಗಳು ಮಾರನೆಯ ದಿನ ವಿನಯದಿಂದ ಬೇಡವೆಂದು ಮೇಲ್ ಕಳಿಸಿದ್ದು ಎಷ್ಟು ಸಲವೋ. ಆದರೆ ಟೀಚರ್ ಮೇಲ್ ಕಳಿಸುವವರಲ್ಲ.

ಆ ಫೋಟೋ ಏಳನೆಯ ಜಾಗಕ್ಕೆ ಹೋಯಿತು. ಕೆಳಗೆ "ಎಂಬತ್ತರ ದಶಕ" ಎಂದು ಜಪಾನಿಯಲ್ಲೂ ಇಂಗ್ಲಿಷಿನಲ್ಲೂ ಅಚ್ಚು ಹಾಕಿಸಿದೆ. ಫೋಟೋಗಳು ಜಾರದಿರಲೆಂದು ಹಿಂಬದಿಗೆ ಉದ್ದಕ್ಕೂ ಡಬಲ್ ಟೇಪ್ ಮೆತ್ತಿದೆ. ಕೆಲಸ ಅಚ್ಚುಕಟ್ಟಾಗಿತ್ತು, ಅದರಲ್ಲಿ ಸಂಶಯವಿಲ್ಲ.

ಪ್ರದರ್ಶನದ ದಿನ ಬಂದವರೆಲ್ಲ ಫಲಕದ ಮುಂದೆ ನಿಂತು ಹೋಗುತ್ತಿದ್ದರು. ನಾನು ಸ್ವಲ್ಪ ದೂರದಲ್ಲಿ, ಯಾರಾದರೂ ಕೇಳಿದರೆ ಹೇಳೋಣವೆಂದು ಕಾದಿದ್ದೆ. ಮಗಳು ಮುಖಕ್ಕೆ ಬಣ್ಣ ಹಚ್ಚಿಸಿಕೊಂಡು ಬಂದು ನನ್ನ ಪಕ್ಕ ನಿಂತಳು. ಆಗ ಟೀಚರ್ ವಯಸ್ಸಿನವರೇ ಒಬ್ಬರು ಬಂದರು. ಇಬ್ಬರೂ ಹರೆಯದಲ್ಲಿ ಒಂದೇ ವೇದಿಕೆಯಲ್ಲಿ ಕುಣಿದವರಂತೆ. ಅವರು ಏಳನೆಯ ಫೋಟೋದ ಮುಂದೆ ಬಹಳ ಹೊತ್ತು ನಿಂತರು. ಕನ್ನಡಕ ತೆಗೆದು, ಹಾಕಿಕೊಂಡು ಮತ್ತೆ ಓದಿದರು. ಟೀಚರನ್ನು ಹತ್ತಿರ ಕರೆದು ಮೆಲ್ಲಗೆ ಏನೋ ಕೇಳಿದರು. ಟೀಚರ್ ಅವರಿಗೆ ಸಣ್ಣದಾಗಿ ಬಾಗಿದರು. ಆಮೇಲೆ ನನ್ನ ಕಡೆ ತಿರುಗಿ ಇನ್ನೂ ಆಳವಾಗಿ ಬಾಗಿ, ಎಷ್ಟು ಸುಂದರವಾಗಿ ಮಾಡಿದ್ದೀರಿ, ತುಂಬ ಉಪಕಾರವಾಯಿತು ಎಂದರು.

ನಾನು ಹಿಗ್ಗಿದೆ. ಇದನ್ನು ಬರೆಯುವಾಗ ಕಿವಿ ಬಿಸಿಯಾಗುತ್ತದೆ. ಅವರ ಗೆಳತಿ ಏನೆಂದರು ಎಂದು ಮಗಳನ್ನು ಕೇಳಿದೆ. ಹೊಗಳಿಕೆ ಎಂದುಕೊಂಡೇ ಕೇಳಿದ್ದು.

"ಎಯ್ಟೀಸಲ್ಲಿ ನಿಮ್ಮಮ್ಮ ಇರ್ಲೇ ಇಲ್ವಲ್ಲ ಅಂದ್ರು," ಎಂದಳು. "ಸೆನ್ಸೇ ಅವ್ರ ಅಮ್ಮ ಅದಕ್ಕೂ ಮುಂಚೆ ಹೋಗ್ಬಿಟ್ರು. ಐ ಟ್ರೈಡ್ ಟು ಟೆಲ್ ಯು, ಅಪ್ಪಾ. ಯು ಕೆಪ್ಟ್ ಶೋಯಿಂಗ್ ಯುವರ್ ಫೋನ್."

ಅಷ್ಟು ಹೇಳಿ ಕುಣಿಯಲು ಹೋದಳು. ಅವಳ ಕುಣಿತ ನನಗೆ ಏನೇನೂ ನೆನಪಿಲ್ಲ.

ನಾನು ಆ ತಾಯಿಯ ಕೈಯಿಂದ ಸೂಜಿ ಕಿತ್ತುಕೊಂಡಿದ್ದೆ. ಬರೀ ಇಸವಿಯೊಂದನ್ನು ತಪ್ಪಾಗಿ ಬರೆದದ್ದಾಗಿದ್ದರೆ ತಿದ್ದಬಹುದಿತ್ತು. ತನ್ನ ಮಗಳ ಪಕ್ಕದಲ್ಲಿ ಕುಳಿತು ಆ ಲಂಗ ಹೊಲಿದವಳನ್ನು ಲಂಗ ಹುಟ್ಟುವ ಮುಂಚೆಯೇ ಸಾಯಿಸಿ, ಎರಡು ಭಾಷೆಯಲ್ಲಿ ಅಚ್ಚು ಹಾಕಿಸಿ, ಊರಿನ ಮುಂದೆ ನಿಲ್ಲಿಸಿದ್ದೆ. ಸುಮಿಮಾಸೆನ್, ಕ್ಷಮಿಸಿ, ಎನ್ನುವ ಮಾತನ್ನು ಕೊಂಬಿನಿ ಅಂಗಡಿಯಲ್ಲಿ ಚೀಲ ಕೇಳಲೂ ಬಳಸುವವನು ನಾನು. ಆವತ್ತು ಅದು ಬಾಯಿಂದ ಹೊರಡಲಿಲ್ಲ. ವಾರದ ನಂತರ ಟೀಚರ ಬಳಿ ಹೋಗಿ, ಬದಲಿಸಿಕೊಡುತ್ತೇನೆ ಎಂದೆ. ಬೇಡ, ಚೆನ್ನಾಗಿದೆ, ನಿಮಗೆ ಸುಮ್ಮನೆ ತೊಂದರೆ ಎಂದರು. ಮೂರು ಸಲ ಕೇಳಿದೆ, ಮೂರು ಸಲವೂ ಅದೇ ಉತ್ತರ. ಫಲಕ ಉಗ್ರಾಣ ಸೇರಿತು. ಅಂದಿನಿಂದ ಮಗಳನ್ನು ಬಿಡಲು, ಕರೆತರಲು ಹೆಂಡತಿಯೇ ಹೋಗತೊಡಗಿದಳು. ಹೀಗೆಂದು ಯಾರೂ ಕೂತು ನಿರ್ಧರಿಸಲಿಲ್ಲ.

ನನ್ನ ಗೆರೆ ಎಲ್ಲಿ ತಪ್ಪಿತೆಂದು ಆಮೇಲೆ ಓದಿ ತಿಳಿದೆ. ಟುಟು ಒಂದೇ ದಾರಿಯಲ್ಲಿ ನಡೆದು ಬಂದದ್ದಲ್ಲ. ಎಪ್ಪತ್ತರ ದಶಕದಲ್ಲೇ ರಷ್ಯನ್ ಪದ್ಧತಿಯಲ್ಲಿ ಕಲಿತವರು ಅಗಲ ಚಪ್ಪಟೆಯನ್ನು ಉಡುತ್ತಿದ್ದರು, ಇಂಗ್ಲಿಷ್ ಪದ್ಧತಿಯವರು ತುಸು ಇಳಿಬಿದ್ದದ್ದನ್ನು. ಟೀಚರ್ ನಡುವೆ ಗುರುಗಳನ್ನು ಬದಲಿಸಿದ್ದರು, ಲಂಗವೂ ಬದಲಾಗಿತ್ತು, ಅಷ್ಟೇ. ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು. ಕೇಳುವುದು ಬಿಟ್ಟು ವಿವರಿಸಲು ಹೋದೆ.

ಈ ವಸಂತದಲ್ಲಿ ಆ ಮಹಡಿಗೆ ಸುಣ್ಣ ಬಳಿಸಲು ಉಗ್ರಾಣ ಖಾಲಿ ಮಾಡಿದರು. ಹಳೆಯ ಸಾಮಾನು ಸಾಗಿಸಲು ಹೋಗಿದ್ದ ಹೆಂಡತಿ, ಯಾರ ಮಾತಿಗೂ ಕಾಯದೆ, ಫಲಕವನ್ನು ಮನೆಗೆ ತಂದು ನನ್ನ ಮುಂದೆ ಇಟ್ಟಳು. ಹೇರ್ ಡ್ರೈಯರಿನಿಂದ ಕಾಯಿಸಿ ಕಾಯಿಸಿ ಟೇಪ್ ಸಡಿಲಿಸಿದೆ. ಫೋಟೋ ಹರಿಯದೆ ಬಂತು, ಆದರೆ ಹಿಂಬದಿಯ ಕಾಗದದ ಒಂದು ಪದರ ಅಲ್ಲಲ್ಲಿ ಕಿತ್ತುಹೋಯಿತು. ಉಳಿದದ್ದರಲ್ಲಿ, ಟೇಪ್ ಮೆತ್ತುವಾಗ ನಾನು ಗಮನಿಸದ, ಮಸುಕಾದ ಪೆನ್ಸಿಲಿನ ಬರಹವಿತ್ತು. ಮಗಳಿಗೆ ಈಗ ಹದಿಮೂರು. ಓದಮ್ಮ ಎಂದೆ.

"ಯು ಆಲ್ರೆಡಿ ನೋ, ಅಪ್ಪಾ," ಎಂದಳು. ಆದರೂ ಓದಿದಳು.

ಹೊಸದಾಗಿ ಜೋಡಿಸಿದ ಫಲಕವನ್ನು ಟೀಚರಿಗೆ ಒಪ್ಪಿಸಿದ್ದು ಅವಳೇ. ನಾನು ಕೆಳಗೆ ಲಾಂಡ್ರಿಯ ಮುಂದೆ ನಿಂತಿದ್ದೆ. ಟೀಚರ್ ಏನೆಂದರು ಎಂದು ಕೇಳಲಿಲ್ಲ.

ಆ ಶನಿವಾರ ತಲೆಯಾಡಿಸಿದರೋ ಇಲ್ಲವೋ ನನಗೆ ಇನ್ನು ತಿಳಿಯುವುದಿಲ್ಲ. ಪರಿಶೀಲಿಸಿ ಖಚಿತಪಡಿಸಿಕೊಂಡದ್ದು ಒಂದೇ. ಪೆನ್ಸಿಲಿನಲ್ಲಿ ಬರೆದದ್ದು ಚಕ್ರವರ್ತಿಯ ಆಳ್ವಿಕೆಯಿಂದ ಎಣಿಸುವ ಜಪಾನೀ ಇಸವಿ. ಅದನ್ನು ನಮ್ಮ ಇಸವಿಗೆ ಮನಸ್ಸಿನಲ್ಲಿ ಬದಲಿಸಿದೆ, ನಂಬದೆ ಕಾಗದದ ಮೇಲೆ ಬದಲಿಸಿದೆ, ಕೊನೆಗೆ ಫೋನಿನಲ್ಲೂ ನೋಡಿದೆ. ಎಪ್ಪತ್ತೆರಡು.